ಒಲೆ ಹೂಡಿದ ಜಾಗ

ಮಾರ್ಚ್ 3, ಸೋಮವಾರ

ಅಂಗಡಿ ಕೆಡವಿದ ದಿನ ಮುಚ್ಚಿಟ್ಟಿದ್ದ ಡೈರಿಯನ್ನು ಇವತ್ತು ತೆರೆದಿದ್ದೇನೆ. ಬರೆಯುವ ಹುಮ್ಮಸ್ಸು ಬಂದು ಅಲ್ಲ. ಕತ್ತಲಾಗುವವರೆಗೆ ಮಾಡಲು ಬೇರೆ ಕೆಲಸವಿಲ್ಲ, ಮಾತಾಡಲು ನನ್ನಂಥವರು ಯಾರೂ ಇಲ್ಲಿಲ್ಲ. ದೊಡ್ಡ ಸರೋವರ, ಅದರ ದಂಡೆಯ ತುಂಬ ಉರುಟುಕಲ್ಲು, ಕಲ್ಲಿನ ಮೇಲೆ ಐದಾರು ಟೆಂಟು. ಅದರಲ್ಲೊಂದು ನನ್ನದು. ಈ ವಯಸ್ಸಿನಲ್ಲಿ ಕಲ್ಲಿನ ಮೇಲೆ ಮಲಗುವ ಯೋಗ ಬಂತು.

ಎಲ್ಲ ತಂಗಿಯ ಕಿತಾಪತಿ. ಅವಳು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ವರ್ಷಕ್ಕೊಮ್ಮೆ, ತನ್ನ ಹಾಗೇ ಹಕ್ಕಿಯ ಹುಚ್ಚು ಹಿಡಿದ ಏಳೆಂಟು ಜನರನ್ನು ಕಟ್ಟಿಕೊಂಡು ಇಲ್ಲಿಗೆ ಬಂದು, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳ ಗೂಡು ಹುಡುಕುತ್ತಾಳೆ. ಕಳೆದ ವಾರ ಫೋನ್ ಮಾಡಿದಳು.

"ಅಣ್ಣ, ಅಡುಗೆಯವನು ಕೊನೇ ಗಳಿಗೇಲಿ ಕೈಕೊಟ್ಟ. ನಾನೇ ಮಾಡೋಣ ಅಂದ್ರೆ ಕೈ ಉಳುಕಿದೆ. ನೀನು ಬರ್ದಿದ್ರೆ ಇಷ್ಟು ಜನ ಉಪವಾಸ."

ನನ್ನ ಮಂಡಿ ಹಿಡಿದುಕೊಂಡಿದೆ, ಎರಡು ಹೆಜ್ಜೆ ಇಡಲೂ ಆಗುವುದಿಲ್ಲ ಅಂದೆ. ಮಂಡಿ ನೋಯುವುದು ಸುಳ್ಳಲ್ಲ. ಆದರೆ ಅಷ್ಟೇನೂ ಇಲ್ಲ. ಇದ್ದದ್ದಕ್ಕೆ ಸ್ವಲ್ಪ ಉಪ್ಪುಖಾರ ಹಚ್ಚಿ ಹೇಳಿದೆ. ಅವಳು ಬಿಡಬೇಕಲ್ಲ. ತಂಡವನ್ನು ಮೊದಲೇ ಇಲ್ಲಿ ಇಳಿಸಿ, ಇವತ್ತು ಮನೆ ಬಾಗಿಲಿಗೇ ಜೀಪು ತಂದು ನಿಲ್ಲಿಸಿದಳು. ಬಲಗೈ ಮಣಿಕಟ್ಟಿಗೆ ದಪ್ಪ ಬ್ಯಾಂಡೇಜು. ನೋಡಿ ಅಯ್ಯೋ ಅನ್ನಿಸಿ, ನನ್ನ ಹಳೆಯ ದೊಡ್ಡ ಕಾವಲಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹತ್ತಿದೆ. ಅಂಗಡಿಯಿಂದ ನನ್ನ ಪಾಲಿಗೆ ಉಳಿದದ್ದು ಅದೊಂದೇ.

ಇಲ್ಲಿಯ ಪದ್ಧತಿ ಹೀಗೆ. ದಂಡೆಗೆ ಹಗ್ಗ ಹಾಕಿ ಚೌಕಾಬಾರದ ಪಟದ ಹಾಗೆ ಮನೆಮನೆ ಮಾಡಿದ್ದಾರೆ. ಒಂದೊಂದು ಮನೆಯನ್ನೂ ಕಣ್ಣಲ್ಲಿ ಕಣ್ಣಿಟ್ಟು ಹುಡುಕಿ, ಗೂಡು ಸಿಕ್ಕರೆ ಕೆಂಪು ಬಾವುಟ, ಇಲ್ಲದಿದ್ದರೆ ಬಿಳಿ. ಕೆಂಪಿನ ಹತ್ತಿರ ಯಾರೂ ಸುಳಿಯುವಂತಿಲ್ಲ. ನೀರಿಗೆ ತೀರಾ ಹತ್ತಿರದ ಒಂದು ಬಿಳಿ ಬಾವುಟ ತೋರಿಸಿ ತಂಗಿ, "ಇಲ್ಲಿ ಏನೂ ಇಲ್ಲ, ನಿನ್ನೇನೇ ನೋಡಿದೀನಿ. ಇಲ್ಲೇ ಒಲೆ ಹೂಡು. ನೀರಿಗೆ ದೂರ ನಡೆಯೋದು ತಪ್ಪುತ್ತೆ" ಅಂದಳು. ಮೂರು ಕಲ್ಲು ಹೊಂದಿಸಿ ಹೂಡಿದೆ.

ಮಾರ್ಚ್ 4, ಮಂಗಳವಾರ

ಮರ್ಯಾದೆ ಹೋಯಿತು. ಸ್ಟೇಷನ್ ಎದುರು ಅರ್ಧ ಆಯುಷ್ಯ ಮೊಟ್ಟೆ ಒಡೆದವನು ನಾನು. ರೈಲು ಹೊರಡುವ ಮುನ್ನ ಇಡೀ ಬೆಂಚಿಗೆ ಆಮ್ಲೆಟ್ ಕೊಟ್ಟು ಕಳಿಸಿದವನು. ಇವತ್ತು ಒಂಬತ್ತು ಜನಕ್ಕೆ ಒಂದನ್ನೂ ನೆಟ್ಟಗೆ ಮಾಡಲಾಗಲಿಲ್ಲ. ಗ್ಯಾಸ್ ಒಲೆಯಾದರೆ ಕಿವಿ ಹಿಂಡಿದರೆ ಉರಿ ತಗ್ಗುತ್ತದೆ. ಸೌದೆಗೆ ಕಿವಿ ಎಲ್ಲಿದೆ? ಗಾಳಿ ಬಂದ ಕಡೆ ಉರಿ ವಾಲುತ್ತದೆ. ಕಾವಲಿಯ ಒಂದು ಪಕ್ಕ ಮೊಟ್ಟೆ ಕರಕಲು, ಇನ್ನೊಂದು ಪಕ್ಕ ಲೋಳೆ.

ತಂಡದಲ್ಲಿ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಇದ್ದಾನೆ, ಬಾಯಿ ಸುಮ್ಮನಿರುವುದಿಲ್ಲ. "ಅಣ್ಣ, ಪರವಾಗಿಲ್ಲ ಬಿಡಿ. ಕಪ್ಪಿರೋದನ್ನ ನಾನು ತಿಂತೀನಿ, ಬಿಳಿ ಇರೋದನ್ನ ಸಿಸ್ಟರ್ ತಿನ್ಲಿ" ಅಂದ. ಸಿಸ್ಟರ್ ಅಂದರೆ ಆಸ್ಪತ್ರೆಯ ನರ್ಸಮ್ಮ. ಅವಳೂ ನಕ್ಕಳು, ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಾಳೆಯೇ ಜೀಪು ಹತ್ತುತ್ತೇನೆ.

ಹತ್ತಿರ ಬಂದ ಒಂದು ಕಾಗೆಗೆ ಕರಕಲು ಚೂರು ಎಸೆದೆ. ಅದಕ್ಕೂ ತಂಗಿಯಿಂದ ಬೈಗುಳ. "ಇಲ್ಲಿ ಯಾವ ಹಕ್ಕಿಗೂ ತಿನ್ನೋಕೆ ಹಾಕ್ಬಾರ್ದು ಅಣ್ಣ. ಇದೊಂದು ಮಾತ್ರ ನಡೆಸಿಕೊಡು." ಮೇಷ್ಟ್ರ ಮುಂದೆ ನಿಂತ ಹಾಗಾಯಿತು.

ಮಾರ್ಚ್ 5, ಬುಧವಾರ

ಹೋಗಲಿಲ್ಲ. ಸೋತು ಹೋದ ಅನ್ನಿಸಿಕೊಳ್ಳಲು ಮನಸ್ಸಾಗಲಿಲ್ಲ.

ಉರಿಯ ಮೇಲೆ ಮಾಡಹೊರಟದ್ದೇ ತಪ್ಪು. ಮಾಡಬೇಕಾದ್ದು ಕೆಂಡದ ಮೇಲೆ. ಇವತ್ತು ಎಲ್ಲರಿಗಿಂತ ಬಹಳ ಮೊದಲೇ ಎದ್ದು, ಸೌದೆ ಉರಿದು ಇಳಿಯುವವರೆಗೆ ಕಾದೆ. ನಿನ್ನೆ ಸಂಜೆಯೇ ಬೇಯಿಸಿಟ್ಟಿದ್ದ ಆಲೂಗಡ್ಡೆಯನ್ನು ತುಂಡು ಮಾಡಿ ಈರುಳ್ಳಿಯ ಜೊತೆ ಕೆಂಪಗೆ ಹುರಿದು, ನಡುನಡುವೆ ಗುಳಿ ಮಾಡಿ, ಒಂದೊಂದು ಗುಳಿಗೆ ಒಂದೊಂದು ಮೊಟ್ಟೆ ಒಡೆದು ಬಿಟ್ಟೆ. ತಟ್ಟೆ ಮುಚ್ಚಿ, ತಟ್ಟೆಯ ಮೇಲೂ ನಾಲ್ಕು ಕೆಂಡ. ಕೆಳಗಿನಿಂದ ಒಂದು ಕಾವು, ಮೇಲಿನಿಂದ ಒಂದು ಕಾವು. ಮುಚ್ಚಳ ತೆಗೆದಾಗ ಹಳದಿ ಅಲುಗಾಡುತ್ತಿತ್ತು, ಬಿಳಿ ಗಟ್ಟಿಯಾಗಿತ್ತು. ಪೋಸ್ಟ್‌ಮ್ಯಾನ್ ಬ್ರೆಡ್ಡಿನಲ್ಲಿ ಕಾವಲಿ ಒರೆಸಿ ಒರೆಸಿ ತಿಂದ. ಮಾತೇ ಆಡಲಿಲ್ಲ. ಅವನು ಸುಮ್ಮನಿದ್ದದ್ದೇ ದೊಡ್ಡ ಸರ್ಟಿಫಿಕೇಟು.

ತಂಗಿ ಎರಡನೇ ಸಲ ತಟ್ಟೆ ಒಡ್ಡಿದಳು. ನನ್ನ ಮುಖವನ್ನೇ ನೋಡುತ್ತಿದ್ದಳು.

ಮಾರ್ಚ್ 7, ಶುಕ್ರವಾರ

ನನಗೊಬ್ಬ ಗಿರಾಕಿ ಸಿಕ್ಕಿದ್ದಾಳೆ.

ಬಂದ ಮರುದಿನದಿಂದಲೇ ನೋಡುತ್ತಿದ್ದೇನೆ. ಬೆಳಕು ಹರಿಯುವ ಹೊತ್ತಿಗೆ, ಬೇರೆ ಯಾರೂ ಏಳುವ ಮೊದಲು, ನಾನು ಒಲೆ ಹೊತ್ತಿಸಲು ಬಂದರೆ ಒಂದು ಪುಟ್ಟ ಹಕ್ಕಿ ಹಾಜರ್. ಮರಳಿನ ಬಣ್ಣ, ಕೊರಳಿಗೆ ಕಪ್ಪು ಪಟ್ಟಿ, ಅಂಗೈಯಲ್ಲಿ ಹಿಡಿಸುವಷ್ಟು. ಪಾಪ, ರೆಕ್ಕೆ ಮುರಿದಿದೆ. ಒಂದು ಪಕ್ಕಕ್ಕೆ ವಾಲಿ, ರೆಕ್ಕೆಯನ್ನು ನೆಲಕ್ಕೆ ಎಳೆಯುತ್ತಾ, ಕಾಲು ಕುಂಟಿಸುತ್ತಾ, ಕೀ ಕೀ ಎಂದು ಅಳುತ್ತಾ ನನ್ನ ಮುಂದೆಯೇ ಹಾದು ಹೋಗುತ್ತದೆ. ಸ್ವಲ್ಪ ದೂರ ಹೋಗಿ ನಿಂತು, ತಿರುಗಿ ನನ್ನನ್ನೇ ನೋಡುತ್ತದೆ. ನಾನು ಕೂತಲ್ಲೇ ಇದ್ದರೆ ಮತ್ತೆ ಹತ್ತಿರ ಬಂದು ಮತ್ತೆ ಅದೇ ಪಾಡು. ಇನ್ನೂ ಜಾಸ್ತಿ ಕುಂಟುತ್ತದೆ, ಇನ್ನೂ ಜಾಸ್ತಿ ಅಳುತ್ತದೆ. ಉಳಿದವರು ಎದ್ದು ಬಂದು ಗದ್ದಲ ಶುರುವಾದರೆ ಮಾಯ.

ಕುಂಟಿ ಎಂದು ಹೆಸರಿಟ್ಟಿದ್ದೇನೆ. "ಬಾರವ್ವ, ನಂದೂ ಇದೇ ಕಥೆ" ಎಂದು ಮಂಡಿ ತೋರಿಸಿದೆ. ಬ್ರೆಡ್ಡಿನ ಪುಡಿ ಎಸೆದೆ, ಮುಟ್ಟಲಿಲ್ಲ. ಹಳದಿಯ ಚೂರು ಹಾಕಿದೆ, ಅದನ್ನೂ ಮೂಸಲಿಲ್ಲ. ಸ್ವಾಭಿಮಾನಿ. ತಂಗಿಗೆ ಹೇಳಲಿಲ್ಲ, ಹೇಳಿದರೆ ಮತ್ತೆ ಪಾಠ ಕೇಳಬೇಕಾಗುತ್ತದೆ.

ಮಾರ್ಚ್ 9, ಭಾನುವಾರ

ಬೆಳಿಗ್ಗೆಯ ತಿಂಡಿಗೆ ಈಗ ಇಲ್ಲಿ ಜಾತ್ರೆಯ ಕಳೆ. ಟೆಂಟಿನಿಂದ ಕಂಬಳಿ ಹೊದ್ದುಕೊಂಡೇ ಬಂದು ಒಲೆಯ ಸುತ್ತ ಕೂರುತ್ತಾರೆ. ಒಬ್ಬರಿಗೆ ಹಳದಿ ಒಡೆಯಬಾರದು, ಇನ್ನೊಬ್ಬರಿಗೆ ಎರಡೂ ಕಡೆ ಬೇಯಬೇಕು, ನರ್ಸಮ್ಮನಿಗೆ ಮೆಣಸು ಹೆಚ್ಚಿಗೆ. ಕೇಳುವ ಅಗತ್ಯವೇ ಇಲ್ಲ, ಮುಖ ನೋಡಿದರೆ ಕೈ ತಾನೇ ಮಾಡುತ್ತದೆ. ಪೋಸ್ಟ್‌ಮ್ಯಾನ್ ಅಂತೂ, "ಅಣ್ಣ, ಇಷ್ಟು ವರ್ಷ ಗೂಡು ಹುಡುಕೋಕೆ ಬರ್ತಿದ್ದೆ. ಈ ವರ್ಷ ನಿಮ್ಮ ಮೊಟ್ಟೆಗೇ ಬಂದಿದೀನಿ ಅಂತ ಬರ್ಕೊಳ್ಳಿ" ಅಂದ.

ಗೂಡು ಮಾತ್ರ ಸಿಗುತ್ತಿಲ್ಲವಂತೆ. ಯಾವುದೋ ಒಂದು ಜಾತಿ, ಬಾಯಿಗೆ ಬಾರದ ಹೆಸರು, ಅದರದ್ದು ಈ ಸಲ ಒಂದೂ ಇಲ್ಲ. ಹೊಟ್ಟೆ ತುಂಬ ತಿಂದು ಹೊರಟವರು ಬಿಸಿಲೇರುವವರೆಗೆ ಮೈಲಿಗಟ್ಟಲೆ ಬಗ್ಗಿ ನಡೆದು ಬರಿಗೈಯಲ್ಲಿ ಬರುತ್ತಾರೆ. ತಂಗಿಯ ಮುಖ ಸಪ್ಪಗಿದೆ. ಸಂಜೆ ಎಡಗೈಯ ಬ್ಯಾಂಡೇಜು ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಾ ಸರೋವರ ನೋಡುತ್ತಾ ಕೂತಿದ್ದಳು. ಟೀ ಕೊಟ್ಟೆ. "ನೀನು ಬಂದಿದ್ದು ಒಳ್ಳೇದಾಯ್ತು ಅಣ್ಣ" ಅಂದಳು. ಅಂಗಡಿ ಹೋದ ಮೇಲೆ, ಆರು ತಿಂಗಳಿಂದ ನನಗೆ ಯಾರೂ ಹೇಳದ ಮಾತು.

ಮಾರ್ಚ್ 11, ಮಂಗಳವಾರ

ಮೂಳೆ ಕೊರೆಯುವ ಗಾಳಿ. ನಡುಗುತ್ತಾ ಬರುವವರಿಗೆ ಬೆಚ್ಚಗಿರಲಿ ಎಂದು ಇಡೀ ದಿನ ಒಲೆ ಆರಿಸಲಿಲ್ಲ, ಪಕ್ಕದಿಂದ ಕದಲಲೂ ಇಲ್ಲ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಕುಂಟಿ ಇವತ್ತು ದಿನವಿಡೀ ದೂರದಲ್ಲಿ ಕೂಗುತ್ತಲೇ ಇದ್ದಳು. ಅವಳಿಗೂ ಚಳಿ ಇರಬೇಕು.

ಮಾರ್ಚ್ 12, ಬುಧವಾರ

ಏನು ಬರೆಯಲಿ. ಬರೆಯದಿದ್ದರೂ ಇದು ತಲೆಯಿಂದ ಹೋಗುವುದಿಲ್ಲ.

ಬೆಳಿಗ್ಗೆ ಕಾವಲಿಯ ತುಂಬ ಮೊಟ್ಟೆ ಒಡೆದು ಬಿಟ್ಟು, ಮಾಮೂಲಿನಂತೆ ಕುಂಟಿಗೆ ಬ್ರೆಡ್ಡಿನ ಪುಡಿ ಎಸೆಯುತ್ತಿದ್ದೆ. ತಂಗಿಗೆ ನಿದ್ದೆ ಬಂದಿರಲಿಲ್ಲವಂತೆ, ಬೇಗ ಎದ್ದು ಬಂದಿದ್ದಳು. ಅವಳು ಹಿಂದೆ ನಿಂತಿದ್ದದ್ದು ನನಗೆ ಗೊತ್ತೇ ಆಗಲಿಲ್ಲ.

"ಅಣ್ಣ, ಅಲ್ಲಾಡ್ಬೇಡ."

ಬೈಯುತ್ತಾಳೆ ಅಂದುಕೊಂಡು, "ಒಂದು ಚೂರು ಬ್ರೆಡ್ಡು ಕಣೇ. ಪಾಪ, ರೆಕ್ಕೆ ಮುರ್ದಿದೆ" ಅಂದೆ.

"ಮುರ್ದಿಲ್ಲ ಅಣ್ಣ." ಅವಳ ಕಣ್ಣು ಹಕ್ಕಿಯ ಮೇಲೇ ಇತ್ತು. "ಅದು ನಾಟಕ. ಮೊಟ್ಟೆ ಹತ್ರ ಯಾರಾದ್ರೂ ಬಂದ್ರೆ ಹಾಗ್ ಮಾಡುತ್ತೆ. ತನ್ನನ್ನ ಹಿಡಿಯೋಕೆ ಬರ್ಲಿ, ತನ್ನ ಹಿಂದೆ ದೂರ ಬರ್ಲಿ ಅಂತ. ಎಷ್ಟು ದಿನದಿಂದ ಬರ್ತಿದೆ?"

"ನಾವು ಬಂದಾಗಿನಿಂದ" ಅಂದೆ.

 ತಂಗಿ ಅಲ್ಲೇ ಮಂಡಿಯೂರಿ, ಅಂಗೈ ಊರಿ, ಒಂದೊಂದೇ ಕಲ್ಲು ನೋಡುತ್ತಾ ಹೋದಳು. ನನ್ನ ಸೌದೆ ರಾಶಿಯ ಮಗ್ಗುಲಲ್ಲೇ ನಿಂತಳು. ಅಲ್ಲಿ ಒಂದು ಸಣ್ಣ ತಗ್ಗು, ತಗ್ಗಿನಲ್ಲಿ ಕಲ್ಲಿನ ಹಾಗೇ ಇರುವ ಮೂರು ಮೊಟ್ಟೆ. ನಾನು ದಿನಾ ಅದರ ಪಕ್ಕದಲ್ಲೇ ಬಗ್ಗಿ ಸೌದೆ ಎತ್ತಿಕೊಳ್ಳುತ್ತಿದ್ದೆ. ಈರುಳ್ಳಿ ಹೆಚ್ಚಲು ಕೂರುತ್ತಿದ್ದದ್ದೂ ಅಲ್ಲೇ. ಇಡೀ ತಂಡ, ತಾನು ಮೈಲಿಗಟ್ಟಲೆ ಹುಡುಕುತ್ತಿದ್ದ ಗೂಡಿನ ಪಕ್ಕದಲ್ಲಿ ಕೂತು ತಿಂಡಿ ತಿಂದು, ಅದನ್ನು ಹುಡುಕಲು ಹೊರಡುತ್ತಿತ್ತು. ಬಿಳಿ ಬಾವುಟ ಇತ್ತಲ್ಲ, ಅದರೊಳಗೆ ಯಾರೂ ಕಣ್ಣು ಹಾಯಿಸಲಿಲ್ಲ.

ತಂಗಿ ದೊಡ್ಡ ನೀರಿನ ಹಂಡೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಒಲೆಗೆ ಸುರಿದಳು. ಕೆಂಡ ಚೊಯ್ ಎಂದಿತು. ಕೈಗೆ ಬ್ಯಾಂಡೇಜು ಇತ್ತು. ನೋಡಿದೆ.

ಆಮೇಲೆ ನನ್ನ ಟೀ ಮಗ್ಗಿನಲ್ಲಿ ನೀರು ತುಂಬಿ, ಒಂದು ಮೊಟ್ಟೆಯನ್ನು ಮೆಲ್ಲಗೆ ಬಿಟ್ಟಳು. ಅಂಗಡಿಯಲ್ಲಿ ನಾನೂ ಇದನ್ನೇ ಮಾಡುತ್ತಿದ್ದೆ. ಹೊಸ ಮೊಟ್ಟೆ ತಳದಲ್ಲಿ ಮಲಗುತ್ತದೆ, ಹಳತಾದಷ್ಟೂ ಏಳುತ್ತದೆ. ಇದು ಒಂದು ತುದಿ ಮೇಲೆ ಮಾಡಿ ನೆಟ್ಟಗೆ ಎದ್ದು ನಿಂತಿತು.

"ಎರಡು ವಾರ ಆಗಿದೆ" ಅಂದಳು ತಂಗಿ. "ನಾನು ಬಾವುಟ ನೆಟ್ಟಾಗ ಇದು ಇಲ್ಲೇ ಇತ್ತು."

ಮೊಟ್ಟೆಯನ್ನು ಒರೆಸಿ ನನ್ನ ಕೈಗೆ ಕೊಟ್ಟಳು, ವಾಪಸ್ ಇಡಲು. ಕಲ್ಲಿನಷ್ಟೇ ತಣ್ಣಗಿತ್ತು.

ಕಾವಲಿಯಲ್ಲಿ ಅರ್ಧ ಬೆಂದ ಮೊಟ್ಟೆ ಹಾಗೇ ಉಳಿಯಿತು. ಯಾರೂ ತಿನ್ನಲಿಲ್ಲ. ಪೋಸ್ಟ್‌ಮ್ಯಾನ್ ಬಂದು ನನ್ನ ಪಕ್ಕ ಕೂತ. 

ಮಾರ್ಚ್ 13, ಗುರುವಾರ

ಅಡುಗೆಮನೆಯನ್ನು ನಿನ್ನೆಯೇ ದಂಡೆ ಬಿಟ್ಟು ಮೇಲಿನ ದಾರಿಯ ಪಕ್ಕಕ್ಕೆ ಸಾಗಿಸಿದೆವು. ಸೌದೆ, ಚೀಲ, ಹಂಡೆ, ಕಾವಲಿ ಎಲ್ಲ. ಸೌದೆ ಪೂರ್ತಿ ನಾನೇ ಹೊತ್ತೆ. ಹಳೆಯ ಜಾಗದಲ್ಲಿ ಈಗ ಕೆಂಪು ಬಾವುಟ.

ಮಧ್ಯಾಹ್ನ ಹಕ್ಕಿ ವಾಪಸ್ ಬಂತು. ದೂರದಿಂದ ಎಲ್ಲರೂ ಸರದಿಯಲ್ಲಿ ಬೈನಾಕ್ಯುಲರಿನಲ್ಲಿ ನೋಡಿದರು. ನನ್ನ ಕೈಗೂ ಕೊಟ್ಟರು. ಬೇಡ ಅಂದೆ, ನರ್ಸಮ್ಮ ಬಿಡಲಿಲ್ಲ. ಓಡಿ ಬಂತು, ನಿಂತಿತು, ಮತ್ತೆ ಓಡಿತು. ಎರಡೂ ಕಾಲು ನೆಟ್ಟಗೆ. ರೆಕ್ಕೆಯನ್ನು ಒಪ್ಪವಾಗಿ ಮಡಚಿಕೊಂಡು, ಎದೆಯ ಪುಕ್ಕ ಬಿಡಿಸಿ, ಮೊಟ್ಟೆಗಳ ಮೇಲೆ ಮೆಲ್ಲಗೆ ಕೂತಿತು.

"ಬದುಕಿರ್ಬಹುದಾ?" ಎಂದು ತಂಗಿಯನ್ನು ಕೇಳಿದೆ.

"ಗೊತ್ತಿಲ್ಲ. ಇನ್ನೊಂದು ಹತ್ತು ದಿನಕ್ಕೆ ಒಡೀಬೇಕು. ಆಗ ಗೊತ್ತಾಗುತ್ತೆ."

ನನ್ನದೇ ತಪ್ಪು ಎಂದು ಹೇಳಲು ಬಾಯಿ ತೆರೆದೆ. ಅವಳೇ ಮೊದಲು ಮಾತಾಡಿದಳು.

"ತಪ್ಪು ನಂದು ಅಣ್ಣ. ಆ ಮನೆ ನೋಡುವಾಗ ಸಂಜೆ ಆಗಿತ್ತು, ಬೆಳಕೇ ಇರ್ಲಿಲ್ಲ. ನಾಳೆ ನೋಡೋಣ ಅಂತಿದ್ದೆ. ಆಮೇಲೆ ನಿನ್ನ ಮಂಡಿ ನೆನಪಾಯ್ತು. ಎರಡು ಹೆಜ್ಜೆ ಇಡೋಕಾಗಲ್ಲ ಅಂದಿದ್ಯಲ್ಲ. ನೀರು ಹತ್ರ ಇರ್ಲಿ ಅಂತ, ಸರಿಯಾಗಿ ನೋಡ್ದೇನೇ ಬಿಳಿ ನೆಟ್ಟೆ. ಇಷ್ಟು ವರ್ಷದಲ್ಲಿ ಹಾಗೆ ಯಾವತ್ತೂ ಮಾಡಿರ್ಲಿಲ್ಲ."

 ಹೇಳಬೇಕಿತ್ತು. ಮಂಡಿ ಅಷ್ಟೇನೂ ನೋಯುತ್ತಿರಲಿಲ್ಲ, ಮನೆಯಿಂದ ಹೊರಡಲು ಸೋಮಾರಿತನ ಅಂತ ಹೇಳಬೇಕಿತ್ತು. ಟೀ ಮಾಡ್ತೀನಿ ಎಂದು ಎದ್ದು ಬಂದೆ.

ಮಾರ್ಚ್ 16, ಭಾನುವಾರ

ಕೂತೇ ಇದೆ.

ನೀರು ಈಗ ದೂರ. ದಿನಕ್ಕೆ ಮೂರು ನಾಲ್ಕು ಸಲ ಸುತ್ತುಬಳಸಿ ತರುತ್ತೇನೆ. ಪೋಸ್ಟ್‌ಮ್ಯಾನ್ ಕೈಯಿಂದ ಕಸಿದುಕೊಳ್ಳಲು ಬರುತ್ತಾನೆ, ಕೊಡುವುದಿಲ್ಲ.

ಮಾರ್ಚ್ 18, ಮಂಗಳವಾರ

ಬೆಳಿಗ್ಗೆ ಎಲ್ಲರೂ ತಿನ್ನುತ್ತಾರೆ, ಚೆನ್ನಾಗಿದೆ ಎಂದೂ ಹೇಳುತ್ತಾರೆ. ಮೊದಲಿನ ಗದ್ದಲವಿಲ್ಲ. ಬೇಡ ಅಂದರೆ ಬ್ರೆಡ್ಡು ಟೀ ಮಾತ್ರ ಕೊಡುತ್ತೇನೆ ಎಂದೆ. ನರ್ಸಮ್ಮ, "ಹೊಟ್ಟೆಗೇನ್ ಮಾಡೋಣ ಅಣ್ಣ, ನಡೀಬೇಕಲ್ಲ. ಹಾಕಿ" ಅಂದಳು. ಹಾಕಿದೆ. ಒಡೆಯುವಾಗ ಕೈ ಒಂದು ಕ್ಷಣ ನಿಲ್ಲುತ್ತದೆ. ಮೊದಲು ಒಂದೇ ಕೈಯಲ್ಲಿ ಟಕ್ ಟಕ್ ಎಂದು ಒಡೆಯುತ್ತಿದ್ದೆ, ಈಗ ಎರಡೂ ಕೈ ಬೇಕು.

ಆ ಹಕ್ಕಿಯ ಕುಂಟಾಟವೇ ಕಣ್ಣ ಮುಂದೆ ಬರುತ್ತದೆ. ಸ್ವಲ್ಪ ದೂರ ಹೋಗುವುದು, ತಿರುಗಿ ನೋಡುವುದು, ನಾನು ಏಳದಿದ್ದರೆ ವಾಪಸ್ ಬಂದು ಮತ್ತೆ ಮೊದಲಿನಿಂದ. ಬಾ, ನನ್ನ ಹಿಂದೆ ಬಾ ಎಂದು ಎಷ್ಟು ಬೆಳಿಗ್ಗೆ ಕರೆಯಿತು. ನಾನು ಬೆಪ್ಪನಂತೆ ಕೂತಲ್ಲೇ ಕೂತು ಬ್ರೆಡ್ಡು ಎಸೆದೆ. ಒಂದೇ ಒಂದು ದಿನ ಎದ್ದು ಅದರ ಹಿಂದೆ ನಾಲ್ಕು ಹೆಜ್ಜೆ ಹೋಗಿದ್ದರೆ, ಅದು ಪುರ್ರನೆ ಹಾರುವುದನ್ನು ನೋಡುತ್ತಿದ್ದೆ. ನಗುತ್ತಾ ಬಂದು ತಂಗಿಗೆ ಹೇಳುತ್ತಿದ್ದೆ. ಅಷ್ಟು ಸಾಕಿತ್ತು.

ಮಾರ್ಚ್ 22, ಶನಿವಾರ

ಇವತ್ತು ಗಂಟುಮೂಟೆ ಕಟ್ಟಿದೆವು. ಮೊಟ್ಟೆ ಒಡೆದಿಲ್ಲ. ಒಡೆಯುವ ಮೊದಲು ಒಳಗಿನಿಂದ ಮರಿಯ ಸದ್ದು ಕೇಳಿಸುತ್ತದಂತೆ. ಹಕ್ಕಿ ನೀರಿಗೆ ಹೋದ ಹೊತ್ತು ನೋಡಿ ತಂಗಿ ಹೋಗಿ, ಮೂರನ್ನೂ ಒಂದೊಂದಾಗಿ ಕಿವಿಗೆ ಹಿಡಿದು ಬಂದಳು. ಬಂದವಳೇ ತನ್ನ ಟೆಂಟು ಬಿಚ್ಚತೊಡಗಿದಳು. 

ಕೊನೆಯ ತಿಂಡಿಗೆ ಮೊದಲ ಸಲ ಗೆದ್ದ ಅದೇ ಆಲೂಗಡ್ಡೆ ಮೊಟ್ಟೆ ಮಾಡಿದೆ. ಪೋಸ್ಟ್‌ಮ್ಯಾನ್ ಕಾವಲಿ ಒರೆಸಿ ತಿಂದು, "ಮುಂದಿನ ವರ್ಷ ನೀವು ಬರ್ದಿದ್ರೆ ನಾನೂ ಬರಲ್ಲ" ಅಂದ. ಒಲೆಯ ಜಾಗ ಮೊದಲು ನಾನೇ ಹುಡುಕುತ್ತೇನೆ, ಆಮೇಲೆ ನೋಡೋಣ ಅಂದೆ.

ಜೀಪು ಹತ್ತುವ ಮೊದಲು ಒಮ್ಮೆ ತಿರುಗಿ ನೋಡಿದೆ. ಕೆಂಪು ಬಾವುಟದ ಹತ್ತಿರ ಅದು ಕೂತೇ ಇತ್ತು. ಬರೀ ಕಣ್ಣಿಗೆ ಅದೂ ಒಂದು ಕಲ್ಲಿನ ಹಾಗೇ ಕಾಣುತ್ತಿತ್ತು.

ಮಾರ್ಚ್ 25, ಮಂಗಳವಾರ

ಮನೆ. ಬೆಳಕು ಹರಿಯುವ ಮೊದಲೇ ಎಚ್ಚರವಾಗುತ್ತದೆ. ಕಿಟಕಿಯ ಪರದೆ ತೆಗೆದಿಟ್ಟಿದ್ದೇನೆ. ಒಬ್ಬನಿಗೆ ಎಂದು ಒಂದು ಮೊಟ್ಟೆ ತೆಗೆದುಕೊಂಡು, ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದು, ಮತ್ತೆ ಬುಟ್ಟಿಗೆ ಇಟ್ಟೆ.

ಮಾರ್ಚ್ 30, ಭಾನುವಾರ

ಬೆಳಿಗ್ಗೆ ತಂಗಿಯ ಫೋನ್ ಬಂತು. ನಿನ್ನೆ ಒಬ್ಬಳೇ ಸರೋವರಕ್ಕೆ ಹೋಗಿದ್ದಳಂತೆ.

"ಅಣ್ಣ, ಅದು ಎದ್ದು ಹೋಗಿದೆ."

"ಮೊಟ್ಟೆ?"

"ಮೂರೂ ಹಾಗೇ ಇವೆ. ಒಡೀಬೇಕಾಗಿದ್ದ ದಿನ ಕಳೆದ ಮೇಲೂ ಐದಾರು ದಿನ ಕೂತಿತ್ತು ಅನ್ಸುತ್ತೆ. ತಗ್ಗಿನ ಸುತ್ತ ಹೊಸ ಹೆಜ್ಜೆ ಗುರುತಿತ್ತು."

 ಈಗಲಾದರೂ ಹೇಳಿಬಿಡಬೇಕು ಅನ್ನಿಸಿತು. "ನೋಡು, ಆವತ್ತು ಫೋನಲ್ಲಿ ನಾನು ಮಂಡಿ ಅಂದಿದ್ದೆನಲ್ಲ..." ಎಂದು ಶುರು ಮಾಡಿದೆ.

"ಗೊತ್ತು ಬಿಡು ಅಣ್ಣ" ಅಂದಳು. "ಸೌದೆ ಹೊರುವಾಗಲೇ ನೋಡಿದೆ."

ಆಮೇಲೆ, "ಅಣ್ಣ, ನನ್ನ ಕೈ ಮತ್ತೆ ನೋಯ್ತಿದೆ. ಇವತ್ತು ಅಡುಗೆ ಮಾಡೋಕಾಗಲ್ಲ. ಬರ್ತೀಯಾ?" ಅಂದಳು.

"ಯಾವ ಕೈ?" ಅಂದೆ.

 ಆ ಕಡೆಯಿಂದ ನಕ್ಕಳೋ ಅತ್ತಳೋ ತಿಳಿಯದ ಒಂದು ಸದ್ದು ಬಂತು. ಬರ್ತೀನಿ ಅಂದೆ.

ಅವಳ ಮನೆಗೆ ಎರಡು ಬಸ್ಸು ಬದಲಿಸಬೇಕು. ಆ ಸೌದೆ ಹೊತ್ತ ದಿನದಿಂದ ಮಂಡಿ ನಿಜವಾಗಿಯೂ ಹಿಡಿದುಕೊಂಡಿದೆ, ಮೆಟ್ಟಿಲು ಇಳಿಯುವಾಗ ಪ್ರಾಣ ಹೋಗುತ್ತದೆ. ಕಾವಲಿಯನ್ನು ಗೋಣಿಚೀಲದಲ್ಲಿ ಸುತ್ತಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ಇಷ್ಟು ಬರೆದು, ಎದ್ದೆ.